ಎಂಜೈಮ್ ಲಿಕ್ವಿಡ್ ಡಿಟರ್ಜೆಂಟ್‌ಗೆ ಪೇಟೆಂಟ್ ಸಿಗುತ್ತಾ? ಜೇಜುರಿಯ ಭಂಡಾರದ ಕಲೆ ಮುಂದಿಟ್ಟುಕೊಂಡು ನೋಡಿದರೆ ಕಾನೂನು ಹೇಳುವುದಿಷ್ಟು

ಜೇಜುರಿ (ಪುಣೆ): ಪುಣೆಯಿಂದ ಸುಮಾರು 50 ಕಿ.ಮೀ. ದೂರದ ಜೇಜುರಿ ಬೆಟ್ಟ ಹತ್ತಿ ಖಂಡೋಬನ ದರ್ಶನ ಮಾಡಿ ಇಳಿದವರ ಬಟ್ಟೆ ಹತ್ತುವಾಗ ಇದ್ದ ಬಣ್ಣದಲ್ಲಿ ಉಳಿಯುವುದಿಲ್ಲ. ಅಲ್ಲಿ ಭಂಡಾರ, ಅಂದರೆ ಅರಿಶಿನ ಪುಡಿ, ಮುಷ್ಟಿಗಟ್ಟಲೆ ಗಾಳಿಯಲ್ಲಿ ಹಾರುತ್ತದೆ. ಸೋಮವತಿ ಅಮಾವಾಸ್ಯೆಯ ದಿನ ಪಲ್ಲಕ್ಕಿ ಕರ್ಹಾ ನದಿಗೆ ಹೊರಟಾಗಲಂತೂ ಮೆಟ್ಟಿಲು, ಗೋಡೆ, ಜನ ಎಲ್ಲವೂ ಹಳದಿ. ಕನ್ನಡಿಗರಿಗೆ ಈ ದೇವರು ಹೊಸಬನಲ್ಲ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ಬೆಳಗಾವಿ, ವಿಜಯಪುರ, ಬೀದರ್ ಕಡೆಯಿಂದ ಜೇಜುರಿಗೆ ನಡೆದುಕೊಳ್ಳುವ ಮನೆತನಗಳು ಇಂದಿಗೂ ಇವೆ.

ಊರಿಗೆ ಮರಳಿದ ಮೇಲೆ ಆ ಬಟ್ಟೆಯನ್ನು ಒಗೆಯುವುದು ಇನ್ನೊಂದು ಕಥೆ. 'ಎಂಜೈಮ್ ಇರುವ ಲಿಕ್ವಿಡ್' ಎಂದು ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿದ್ದರೂ ಅರಿಶಿನ ಜಗ್ಗುವುದಿಲ್ಲ. ಹಾಗಾದರೆ ಯಾರಾದರೂ ಭಂಡಾರದ ಕಲೆ ತೆಗೆಯುವ ಎಂಜೈಮ್ ಲಿಕ್ವಿಡ್ ತಯಾರಿಸಿದರೆ? ಅದಕ್ಕೆ ಪೇಟೆಂಟ್ ಸಿಗುತ್ತದೆಯೇ?

ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಮನೆಯಲ್ಲೇ, ಸಣ್ಣ ಶೆಡ್‌ನಲ್ಲೇ ಲಿಕ್ವಿಡ್ ಡಿಟರ್ಜೆಂಟ್ ತಯಾರಿಸಿ ಮಾರುವವರು ಈಗ ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ. 'ನಮ್ಮ ಫಾರ್ಮುಲಾಗೆ ಪೇಟೆಂಟ್ ಮಾಡಿಸಬೇಕು' ಎಂಬ ಆಸೆ ಅವರಲ್ಲಿ ಹಲವರಿಗೆ ಇರುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಅವಕಾಶ ಕಳೆದುಕೊಂಡಿರುವ ಸಾಧ್ಯತೆಯೂ ಅಷ್ಟೇ ಇರುತ್ತದೆ. ಏಕೆ ಎಂಬುದನ್ನು ನೋಡೋಣ.

ಎಂಜೈಮ್ ಮಾಡುವ ಕೆಲಸ ಏನು?

ಎಂಜೈಮ್ ಅಥವಾ ಕಿಣ್ವ ಎಂದರೆ ಒಂದು ಬಗೆಯ ಪ್ರೋಟೀನ್. ಪ್ರತಿಯೊಂದು ಕಿಣ್ವಕ್ಕೂ ಅದರದೇ ಆದ ಒಂದು ಕೆಲಸ. ಪ್ರೋಟಿಯೇಸ್ ರಕ್ತ, ಹಾಲು, ಬೆವರಿನ ಪ್ರೋಟೀನ್ ಕಲೆಗಳನ್ನು ಕತ್ತರಿಸುತ್ತದೆ. ಅಮೈಲೇಸ್ ಅನ್ನದ ಗಂಜಿ, ಸಾರಿನ ಪಿಷ್ಟವನ್ನು ಒಡೆಯುತ್ತದೆ. ಲೈಪೇಸ್ ಎಣ್ಣೆ, ತುಪ್ಪದ ಜಿಡ್ಡಿಗೆ. ಸೆಲ್ಯುಲೇಸ್ ಹತ್ತಿ ಬಟ್ಟೆಯ ಮೇಲೆ ಏಳುವ ಜುಂಗನ್ನು ತೆಗೆದು ಬಟ್ಟೆ ಹೊಸದರಂತೆ ಕಾಣಿಸುತ್ತದೆ.

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಅದು ಪ್ರೋಟೀನೂ ಅಲ್ಲ, ಪಿಷ್ಟವೂ ಅಲ್ಲ, ಕೊಬ್ಬೂ ಅಲ್ಲ. ಹಾಗಾಗಿ ಬಾಟಲಿಯಲ್ಲಿರುವ ಮಾಮೂಲಿ ಕಿಣ್ವಗಳಿಗೆ ಅಲ್ಲಿ ಕೆಲಸವೇ ಇಲ್ಲ. ಸೋಪು ಹಚ್ಚಿದ ಕೂಡಲೇ ಕಲೆ ಕೆಂಪಗಾಗುವುದನ್ನು ಎಲ್ಲರೂ ನೋಡಿದ್ದೇವೆ. ಆರತಿ ತಟ್ಟೆಯ ಅರಿಶಿನ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದೂ ಅದೇ ಕಾರಣಕ್ಕೆ: ಕ್ಷಾರ ತಾಗಿದರೆ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಬಿಸಿಲಿನಲ್ಲಿ ಅದು ತಾನಾಗಿಯೇ ಮಾಸುತ್ತದೆ. ಒಗೆದು ಬಿಸಿಲಿಗೆ ಹಾಕು ಎನ್ನುವ ಅಜ್ಜಿಯ ಉಪಾಯದ ಹಿಂದಿರುವ ರಸಾಯನ ಇದೇ. ಅದಕ್ಕೆ ಪೇಟೆಂಟ್ ಕೇಳಲು ಯಾರಿಗೂ ಆಗದು.

100 ವರ್ಷ ಹಳೆಯ ಐಡಿಯಾ

ಕಿಣ್ವ ಹಾಕಿ ಬಟ್ಟೆ ಒಗೆಯುವುದು ಹೊಸ ಸಂಶೋಧನೆ ಎಂದುಕೊಂಡಿದ್ದರೆ ತಪ್ಪು. ಜರ್ಮನಿಯ ರಸಾಯನಶಾಸ್ತ್ರಜ್ಞ ಒಟ್ಟೊ ರೋಮ್ 1913ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವವನ್ನು ಬಟ್ಟೆ ನೆನೆಸುವ ಪುಡಿಗೆ ಸೇರಿಸುವುದು ಅವರ ವಿಧಾನ. 'ಬರ್ನಸ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂತು. 1960ರ ದಶಕದಲ್ಲಿ ಡೆನ್ಮಾರ್ಕ್‌ನ ನೋವೋ ಕಂಪನಿ ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ತೆಗೆದ 'ಆಲ್ಕಲೇಸ್' ಎಂಬ ಪ್ರೋಟಿಯೇಸ್ ತಂದಿತು. ಡಿಟರ್ಜೆಂಟ್‌ನ ಕ್ಷಾರದಲ್ಲೂ ಕೆಲಸ ಮಾಡುವ ಕಿಣ್ವ ಅದು.

ಆ ಪುಡಿಯ ಧೂಳು ಉಸಿರಾಡಿದ ಕಾರ್ಖಾನೆ ಕಾರ್ಮಿಕರಿಗೆ ಅಸ್ತಮಾ ಬರುತ್ತಿದೆ ಎಂಬ ವರದಿ 1969ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಧೂಳು ಏಳದಂತೆ ಕಿಣ್ವಕ್ಕೆ ಮೇಣದಂಥ ಕವಚ ತೊಡಿಸುವ ಹರಳುಗಳು ಆ ಬಳಿಕ ಬಂದವು. ಪೇಟೆಂಟ್‌ಗಳ ಒಂದು ದೊಡ್ಡ ಸಾಲು ಹುಟ್ಟಿದ್ದು ಈ ಸಮಸ್ಯೆಯಿಂದ. ಇದನ್ನು ನೆನಪಿಟ್ಟುಕೊಳ್ಳಿ: ಪೇಟೆಂಟ್ ಸಿಕ್ಕಿದ್ದು 'ಕಿಣ್ವ ಹಾಕಿದ್ದೇವೆ' ಎಂಬುದಕ್ಕಲ್ಲ, ಕಿಣ್ವ ಹಾಕಿದ್ದರಿಂದ ಎದುರಾದ ತೊಂದರೆಗೆ ಪರಿಹಾರ ಕಂಡುಕೊಂಡಿದ್ದಕ್ಕೆ.

1980ರ ದಶಕದಲ್ಲಿ ಅಮೆರಿಕದ ಜೆನೆನ್‌ಟೆಕ್, ಜೆನೆನ್‌ಕೋರ್ ಕಂಪನಿಗಳ ವಿಜ್ಞಾನಿಗಳು ಸಬ್ಟಿಲಿಸಿನ್ ಎಂಬ ಪ್ರೋಟಿಯೇಸ್‌ನ 222ನೇ ಸ್ಥಾನದಲ್ಲಿದ್ದ ಮಿಥಿಯೋನಿನ್ ಎಂಬ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದರು. ಬ್ಲೀಚ್ ತಾಗಿದರೆ ಸತ್ತುಹೋಗುತ್ತಿದ್ದ ಕಿಣ್ವ ಅದರಿಂದ ಬದುಕುಳಿಯಿತು. 1988ರಲ್ಲಿ ನೋವೋ 'ಲೈಪೋಲೇಸ್' ಬಿಡುಗಡೆ ಮಾಡಿತು. ಒಂದು ಶಿಲೀಂಧ್ರದ ಜೀನನ್ನು ಇನ್ನೊಂದು ಶಿಲೀಂಧ್ರಕ್ಕೆ ಹಾಕಿ ತಯಾರಿಸಿದ ಡಿಟರ್ಜೆಂಟ್ ಲೈಪೇಸ್ ಅದು. ಒಂದು ಕಾಲದಲ್ಲಿ ಪೇಟೆಂಟ್ ಬೇಲಿಯೊಳಗಿದ್ದ ಇಂಥ ಹಳೆಯ ಶೋಧಗಳ ಅವಧಿ ಈಗ ಮುಗಿದಿದೆ, ಯಾರು ಬೇಕಾದರೂ ಬಳಸಬಹುದು. ಆದರೆ ಅವನ್ನೇ ತೋರಿಸಿ 'ನನ್ನದು ಹೊಸದು' ಎನ್ನುವಂತಿಲ್ಲ.

ಪುಡಿಗಿಂತ ಲಿಕ್ವಿಡ್ ಏಕೆ ಕಷ್ಟ?

ಪೇಟೆಂಟ್ ವಿಷಯದಲ್ಲಿ ನಿಜವಾದ ಸತ್ವ ಇರುವುದು ಇಲ್ಲೇ. ಪುಡಿಯಲ್ಲಿ ಕಿಣ್ವ ಒಣಗಿ ಮಲಗಿರುತ್ತದೆ, ನೀರು ತಾಗಿದ ಮೇಲೆಯೇ ಏಳುತ್ತದೆ. ಲಿಕ್ವಿಡ್‌ನಲ್ಲಿ ನೀರು ಮೊದಲೇ ಇದೆ. ಬಾಟಲಿ ಅಂಗಡಿಯ ಕಪಾಟಿನಲ್ಲಿ ಕೂತಿರುವಾಗಲೇ ಪ್ರೋಟಿಯೇಸ್ ತನ್ನ ಕೆಲಸ ಶುರು ಹಚ್ಚಿಕೊಳ್ಳುತ್ತದೆ. ಅದರ ಕೆಲಸ ಪ್ರೋಟೀನ್ ಕತ್ತರಿಸುವುದು. ಅಮೈಲೇಸ್, ಲೈಪೇಸ್ ಎಲ್ಲವೂ ಪ್ರೋಟೀನ್‌ಗಳೇ. ಅಷ್ಟೇ ಏಕೆ, ಪ್ರೋಟಿಯೇಸ್ ಕೂಡ ಪ್ರೋಟೀನೇ. ಹೀಗಾಗಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಅದು ಪಕ್ಕದ ಕಿಣ್ವಗಳನ್ನೂ ತನ್ನನ್ನೂ ತಿಂದು ಹಾಕುತ್ತದೆ. ಇದರ ಮೇಲೆ ನೊರೆ ಕೊಡುವ ಸರ್ಫ್ಯಾಕ್ಟಂಟ್‌ಗಳು ಕಿಣ್ವದ ಮಡಿಕೆಗಳನ್ನು ಬಿಚ್ಚುತ್ತವೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗೋದಾಮಿನ ಶಾಖ 40 ಡಿಗ್ರಿ ದಾಟುತ್ತದೆ. ತಯಾರಾದ ದಿನ ಚೆನ್ನಾಗಿ ಒಗೆದ ಲಿಕ್ವಿಡ್ ಮೂರು ತಿಂಗಳ ನಂತರ ಬರೀ ಸೋಪು ನೀರಾಗಿರಬಹುದು.

ಈ ಸಮಸ್ಯೆಗೆ ಕಂಪನಿಗಳು ದಶಕಗಳಿಂದ ಪರಿಹಾರ ಹುಡುಕುತ್ತಿವೆ. ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿ ನೀರಿನ ಆಟ ಕಡಿಮೆ ಮಾಡುವುದು ಒಂದು ದಾರಿ. ಪ್ರಾಕ್ಟರ್ ಅಂಡ್ ಗ್ಯಾಂಬಲ್ 1982ರಲ್ಲಿ ಪಡೆದ ಅಮೆರಿಕದ 4318818 ಸಂಖ್ಯೆಯ ಪೇಟೆಂಟ್ ಕ್ಯಾಲ್ಸಿಯಂ ಮತ್ತು ಫಾರ್ಮೇಟ್ ಲವಣಗಳಿಂದ ಕಿಣ್ವವನ್ನು ಸ್ಥಿರವಾಗಿ ಇಡುವ ಬಗ್ಗೆ ಇತ್ತು. ಬೋರಾಕ್ಸ್, ಅಂದರೆ ನಮ್ಮ ಬಿಳಿಗಾರ, ಪ್ರೋಟಿಯೇಸ್‌ನ ಬಾಯಿಗೆ ತಾತ್ಕಾಲಿಕವಾಗಿ ಬೀಗ ಹಾಕುತ್ತದೆ. ಬಕೆಟ್ ನೀರಿಗೆ ಸುರಿದ ಕೂಡಲೇ ತೆಳುವಾಗಿ ಬೀಗ ಕಳಚುತ್ತದೆ. ಎಷ್ಟು ಜಾಣ ಉಪಾಯ ನೋಡಿ! ಆದರೆ ಬೋರಾನ್ ಸಂಯುಕ್ತಗಳು ಸಂತಾನಶಕ್ತಿಗೆ ಹಾನಿಕರ ಎಂದು ಯುರೋಪ್ ವರ್ಗೀಕರಿಸಿದ ಮೇಲೆ ಬೋರಾನ್ ಇಲ್ಲದ ಬೀಗ ಹುಡುಕುವ ಹೊಸ ಓಟ ಶುರುವಾಯಿತು. ಪೆಪ್ಟೈಡ್ ಆಲ್ಡಿಹೈಡ್ ಎಂಬ ಬಗೆಯ ಬೀಗಗಳ ಮೇಲಿನ ಪೇಟೆಂಟ್‌ಗಳು ಬಂದಿದ್ದು ಹೀಗೆ.

ಅಂದರೆ ಇಂದು ಲಿಕ್ವಿಡ್ ಡಿಟರ್ಜೆಂಟ್‌ನಲ್ಲಿ ಪೇಟೆಂಟ್‌ಗೆ ಜಾಗ ಉಳಿದಿದ್ದರೆ ಅದು ಹೆಚ್ಚಾಗಿ ಮೂರು ಕಡೆ: ರೂಪ ಬದಲಿಸಿದ ಕಿಣ್ವ, ಅದನ್ನು ಬಾಟಲಿಯಲ್ಲಿ ಬದುಕಿಸಿಡುವ ವಿಧಾನ, ಅಥವಾ ಸೇರಿದಾಗ ನಿರೀಕ್ಷೆ ಮೀರಿ ಕೆಲಸ ಮಾಡುವ ಜೋಡಿ.

ಭಾರತದ ಕಾನೂನು: ಬೆರೆಸಿದರೆ ಸಾಲದು

1970ರ ಪೇಟೆಂಟ್ ಕಾಯ್ದೆ ಕೇಳುವುದು ಮೂರು ಮೂಲ ಪ್ರಶ್ನೆ. ಹೊಸದೇ? ಆ ಕ್ಷೇತ್ರ ಬಲ್ಲವರಿಗೆ ತಟ್ಟನೆ ಹೊಳೆಯುವಂಥದ್ದಲ್ಲವೇ? ಕೈಗಾರಿಕೆಯಲ್ಲಿ ಬಳಸಬಹುದೇ? ಡಿಟರ್ಜೆಂಟ್‌ಗೆ ಮೂರನೆಯದು ಸಮಸ್ಯೆಯೇ ಅಲ್ಲ. ಎರಡನೆಯದರ ಬಗ್ಗೆ ಸುಪ್ರೀಂ ಕೋರ್ಟ್ 1978ರಲ್ಲಿ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ ಹೇಳಿದ್ದು ಇಂದಿಗೂ ಉಲ್ಲೇಖವಾಗುತ್ತದೆ. ಪಾತ್ರೆ ತಯಾರಿಕೆಯ ಸಾಧನವೊಂದರ ಜಗಳ ಅದು. ಕಾರ್ಯಾಗಾರದಲ್ಲಿ ಯಾವ ಕುಶಲಕರ್ಮಿಯೂ ಮಾಡಬಹುದಾದ ಸಣ್ಣಪುಟ್ಟ ಸುಧಾರಣೆಗೆ ಪೇಟೆಂಟ್ ಇಲ್ಲ ಎಂಬುದು ಅದರ ಸಾರ. ನಿಂಬೆ ವಾಸನೆ ಬದಲು ಮಲ್ಲಿಗೆ ವಾಸನೆ ಹಾಕಿದ್ದು, ಪ್ರೋಟಿಯೇಸ್ ಪ್ರಮಾಣ ಸ್ವಲ್ಪ ಹೆಚ್ಚಿಸಿದ್ದು ಈ ಸಾಲಿಗೇ ಬರುತ್ತವೆ.

ಆದರೆ ಡಿಟರ್ಜೆಂಟ್ ಅರ್ಜಿಗಳು ಹೆಚ್ಚು ಎಡವುವುದು ಸೆಕ್ಷನ್ 3ರಲ್ಲಿ. 'ಇವು ಆವಿಷ್ಕಾರಗಳೇ ಅಲ್ಲ' ಎಂದು ಕಾಯ್ದೆ ಹೊರಗಿಡುವ ಪಟ್ಟಿ ಅದು.

ಮೊದಲು 3(ಇ). ಬರೀ ಬೆರಕೆಯಾಗಿದ್ದು, ಪದಾರ್ಥಗಳ ಗುಣಗಳು ಒಟ್ಟುಗೂಡಿದ್ದಷ್ಟೇ ಅದರ ಫಲವಾಗಿದ್ದರೆ ಅದಕ್ಕೆ ಪೇಟೆಂಟ್ ಇಲ್ಲ. ಊಹೆಯ ಲೆಕ್ಕವೊಂದನ್ನು ತೆಗೆದುಕೊಳ್ಳಿ. ಒಂದು ಕಿಣ್ವ ಒಂಟಿಯಾಗಿ ಕಲೆಯ 30 ಭಾಗ ತೆಗೆಯುತ್ತದೆ, ಇನ್ನೊಂದು ಪದಾರ್ಥ 20 ಭಾಗ. ಎರಡನ್ನೂ ಸೇರಿಸಿದಾಗ 50 ಭಾಗ ಹೋದರೆ ಅದು ಕೂಡಿಸುವ ಲೆಕ್ಕ, ಪೇಟೆಂಟ್ ಇಲ್ಲ. 75 ಹೋದರೆ? ಆಗ ಎರಡೂ ಸೇರಿ ಹೊಸದೇನೋ ಮಾಡುತ್ತಿವೆ ಎಂದರ್ಥ. ಪೇಟೆಂಟ್ ಭಾಷೆಯಲ್ಲಿ ಇದು ಸಿನರ್ಜಿ. ಅಡುಗೆಯವರಿಗೆ ಇದು ಬೇಗ ಅರ್ಥವಾಗುತ್ತದೆ: ಹಾಲಿಗೆ ನೀರು ಬೆರೆಸುವುದು ಬೇರೆ, ಹೆಪ್ಪು ಹಾಕುವುದು ಬೇರೆ.

ಸಿನರ್ಜಿ ಇದೆ ಎಂದು ಬರೆದರೆ ಸಾಲದು, ಅರ್ಜಿಯಲ್ಲೇ ಅಂಕಿ ತೋರಿಸಬೇಕು. ಪ್ರತಿ ಪದಾರ್ಥ ಒಂಟಿಯಾಗಿ, ಎರಡೆರಡಾಗಿ, ಎಲ್ಲವೂ ಒಟ್ಟಾಗಿ ಎಷ್ಟು ಕೆಲಸ ಮಾಡಿದವು ಎಂಬ ಹೋಲಿಕೆ ಬೇಕು. ಒಂದೇ ಬಗೆಯ ಕಲೆ ಹಚ್ಚಿದ ಬಟ್ಟೆ ತುಂಡುಗಳನ್ನು ಒಗೆದು, ಅವು ಎಷ್ಟು ಬೆಳಕು ಪ್ರತಿಫಲಿಸುತ್ತವೆ ಎಂದು ಯಂತ್ರದಲ್ಲಿ ಅಳೆಯುವುದು ರೂಢಿ. ಬಾಟಲಿಯಲ್ಲಿ ಬಾಳಿಕೆಯ ಬಗ್ಗೆ ಹೇಳುವುದಾದರೆ, ವಾರಗಟ್ಟಲೆ ಬಿಸಿಯಲ್ಲಿಟ್ಟ ಬಳಿಕ ಕಿಣ್ವದ ಶಕ್ತಿ ಎಷ್ಟು ಉಳಿಯಿತು ಎಂಬ ಲೆಕ್ಕ ಬೇಕು. 'ಗ್ರಾಹಕರು ಮೆಚ್ಚಿದ್ದಾರೆ' ಎಂಬುದು ಪರೀಕ್ಷಕರ ಮುಂದೆ ನಡೆಯುವುದಿಲ್ಲ.

ಎರಡನೆಯದು ಹೆಸರುವಾಸಿ ಸೆಕ್ಷನ್ 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪರಿಣಾಮ ಹೆಚ್ಚಿದೆ ಎಂದು ತೋರಿಸದಿದ್ದರೆ ಪೇಟೆಂಟ್ ಇಲ್ಲ, ಗೊತ್ತಿರುವ ವಸ್ತುವಿನ ಬರೀ ಹೊಸ ಉಪಯೋಗಕ್ಕೂ ಇಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಕ್ಯಾನ್ಸರ್ ಔಷಧಿ ಗ್ಲಿವೆಕ್ ಪ್ರಕರಣದಲ್ಲಿ ಎತ್ತಿಹಿಡಿದದ್ದು ಇದನ್ನೇ. ಔಷಧಿಯಲ್ಲಿ ಪರಿಣಾಮ ಎಂದರೆ ರೋಗ ಗುಣಪಡಿಸುವ ಶಕ್ತಿ ಎಂದು ಕೋರ್ಟ್ ಹೇಳಿತು. ಬಟ್ಟೆ ಸೋಪಿಗೆ ಯಾವ ರೋಗ?

ಈ ಪ್ರಶ್ನೆಗೆ ಹತ್ತಿರದ ಉತ್ತರ ಬಂದಿದ್ದು 2023ರಲ್ಲಿ ಮದ್ರಾಸ್ ಹೈಕೋರ್ಟ್‌ನಿಂದ. ಡಿಟರ್ಜೆಂಟ್ ಕಿಣ್ವಗಳ ದೊಡ್ಡ ತಯಾರಕ ನೊವೊಜೈಮ್ಸ್ ಕಂಪನಿ, ಪಶು ಆಹಾರದಲ್ಲಿ ಬಳಸುವ ಫೈಟೇಸ್ ಎಂಬ ಕಿಣ್ವದ, ಹೆಚ್ಚು ಶಾಖ ತಡೆಯುವ ರೂಪಕ್ಕೆ ಪೇಟೆಂಟ್ ಕೇಳಿತ್ತು. ಪೇಟೆಂಟ್ ಕಚೇರಿ 3(ಡಿ), 3(ಇ) ತೋರಿಸಿ ಅರ್ಜಿ ತಿರಸ್ಕರಿಸಿತು. 3(ಡಿ) ಔಷಧಿಗಳಿಗೆ ಮಾತ್ರ ಸೀಮಿತವಲ್ಲ, ಜೀವರಾಸಾಯನಿಕ ವಸ್ತುಗಳಿಗೂ ಅನ್ವಯಿಸುತ್ತದೆ ಎಂದು ಹೈಕೋರ್ಟ್ ಹೇಳಿತು. ಇದು ಕಂಪನಿಗಳಿಗೆ ರುಚಿಸದ ಭಾಗ. ಆದರೆ ಇಂಥ ಕಿಣ್ವದಲ್ಲಿ ಶಾಖ ತಡೆಯುವ ಗುಣ ಹೆಚ್ಚಿದ್ದರೆ ಅದನ್ನೇ ಪರಿಣಾಮದ ಹೆಚ್ಚಳ ಎಂದು ಪರಿಗಣಿಸಬಹುದು ಎಂದೂ ಹೇಳಿ ತಿರಸ್ಕಾರದ ಆದೇಶವನ್ನು ರದ್ದುಪಡಿಸಿತು. ಬಟ್ಟೆ ಒಗೆಯುವ ಕಿಣ್ವದವರಿಗೆ ಈ ತೀರ್ಪು ಮುಖ್ಯ. ಬಾಟಲಿಯಲ್ಲಿ ಬಾಳಿಕೆ, ತಣ್ಣೀರಿನಲ್ಲಿ ಚುರುಕು ಇವುಗಳನ್ನು ಪರಿಣಾಮವೆಂದು ವಾದಿಸಲು ಇದರಿಂದ ದಾರಿ ತೆರೆದಿದೆ.

3(ಡಿ) ನಮ್ಮ ಭಂಡಾರದ ಲಿಕ್ವಿಡ್‌ಗೂ ನೇರವಾಗಿ ತಾಗುತ್ತದೆ. ಲ್ಯಾಕೇಸ್ ಎಂಬ ಕಿಣ್ವ ಬಣ್ಣಗಳನ್ನು ಆಕ್ಸಿಡೀಕರಿಸುತ್ತದೆ. ಜೀನ್ಸ್ ಬಟ್ಟೆಯ ನೀಲಿ ಮಾಸಿಸಲು ಗಾರ್ಮೆಂಟ್ ಉದ್ಯಮ ಅದನ್ನು 1990ರ ದಶಕದಿಂದ ಬಳಸುತ್ತಿದೆ. ಅದೇ ಲ್ಯಾಕೇಸ್ ಅನ್ನು ಅರಿಶಿನದ ಮೇಲೆ ಬಳಸಿ 'ಹೊಸ ಉಪಯೋಗ ಕಂಡುಹಿಡಿದೆ' ಎಂದರೆ ಭಾರತದಲ್ಲಿ ಅಷ್ಟಕ್ಕೇ ಪೇಟೆಂಟ್ ಇಲ್ಲ. ಆದರೆ ಲ್ಯಾಕೇಸ್ ಲಿಕ್ವಿಡ್‌ನಲ್ಲಿ ಆರು ತಿಂಗಳು ಬದುಕುವಂತೆ, ಅರಿಶಿನ ಹೋಗಿ ಸೀರೆಯ ಅಸಲಿ ಬಣ್ಣ ಉಳಿಯುವಂತೆ ಒಂದು ಸಂಯೋಜನೆ ಮಾಡಿ ಅಂಕಿಗಳಿಂದ ರುಜುವಾತು ಮಾಡಿದರೆ ಮಾತು ಬೇರೆ.

ಕರ್ಹಾ ನದಿ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಯಾರದು?

ಹೊಸ ಕಿಣ್ವ ಬೇಕಿದ್ದರೆ ಮಣ್ಣಿನಲ್ಲಿ ಹುಡುಕುವುದು ಹಳೆಯ ಪದ್ಧತಿ. ನದಿ ದಂಡೆಯಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು, ಅದರ ಕಿಣ್ವ ಅರಿಶಿನವನ್ನು ಒಡೆಯುತ್ತದೆ ಎಂದಿಟ್ಟುಕೊಳ್ಳಿ. ಆ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಇಲ್ಲ, ಏಕೆಂದರೆ ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡುಹಿಡಿಯುವುದು ಆವಿಷ್ಕಾರವಲ್ಲ ಎನ್ನುತ್ತದೆ ಸೆಕ್ಷನ್ 3(ಸಿ). ಅದನ್ನು ಮಾನವ ಪ್ರಯತ್ನದಿಂದ ಬದಲಿಸಿದರೆ, ಉದಾಹರಣೆಗೆ ಜೀನ್ ಮಾರ್ಪಡಿಸಿದರೆ, ಬಾಗಿಲು ತೆರೆದಿದೆ. ಸಸ್ಯ, ಪ್ರಾಣಿಗಳನ್ನು ಹೊರಗಿಡುವ 3(ಜೆ) ಸೂಕ್ಷ್ಮಜೀವಿಗಳನ್ನು ಹೊರಗಿಟ್ಟಿಲ್ಲ. ಆ ಕಿಣ್ವವನ್ನು ತಯಾರಿಸುವ ಹೊಸ ಪ್ರಕ್ರಿಯೆಗೂ ಅರ್ಜಿ ಹಾಕಬಹುದು.

ಅರ್ಜಿಯಲ್ಲಿ ಪದಗಳಿಂದ ಪೂರ್ತಿ ವಿವರಿಸಲಾಗದ, ಜನರಿಗೆ ಬೇರೆಡೆ ಸಿಗದ ಜೀವಿಯಾಗಿದ್ದರೆ ಅದರ ಮಾದರಿಯನ್ನು ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಠೇವಣಿ ಇಡಬೇಕು. ಭಾರತ ಈ ಒಪ್ಪಂದ ಸೇರಿದ್ದು 2001ರಲ್ಲಿ. ಚಂಡೀಗಢದ ಎಂಟಿಸಿಸಿಗೆ 2002ರಲ್ಲಿ, ಪುಣೆಯ ಎನ್‌ಸಿಸಿಎಸ್ ಸಂಸ್ಥೆಯ ಸೂಕ್ಷ್ಮಜೀವಿ ಸಂಗ್ರಹಾಲಯಕ್ಕೆ 2011ರಲ್ಲಿ ಈ ಮಾನ್ಯತೆ ಸಿಕ್ಕಿತು. ಜೇಜುರಿಯವರಿಗೆ ಒಂದೂವರೆ ಗಂಟೆಯ ದಾರಿ.

ಜೀವಿ ಎಲ್ಲಿಂದ ತಂದದ್ದು ಎಂಬುದನ್ನೂ ಅರ್ಜಿಯಲ್ಲಿ ಹೇಳಲೇಬೇಕು. ಜೊತೆಗೆ ಜೀವವೈವಿಧ್ಯ ಕಾಯ್ದೆ ಇದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ಭಾರತೀಯರು ಪೇಟೆಂಟ್ ಮಂಜೂರಾಗುವ ಮೊದಲು ನೋಂದಣಿ ಮಾಡಿಸಬೇಕು, ವಿದೇಶಿ ಕಂಪನಿಗಳು ಪೂರ್ವಾನುಮತಿ ಪಡೆಯಬೇಕು. 2023ರ ತಿದ್ದುಪಡಿಯ ನಂತರ ಈ ವ್ಯತ್ಯಾಸ ಬಂದಿದೆ. ವ್ಯಾಪಾರಕ್ಕಿಳಿಯುವಾಗ ಭಾರತೀಯರಿಗೂ ಅನುಮತಿ ಬೇಕು.

ಇನ್ನೊಂದು ಮಾತು. ಸಿಕ್ಕ ಕಿಣ್ವ ನಿಜಕ್ಕೂ ಹೊಸದೇ ಎಂದು ಮೊದಲು ನೋಡಿಕೊಳ್ಳಿ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್, ಕೋನಿಡಿಯೋಬೋಲಸ್ ಎಂಬ ಶಿಲೀಂಧ್ರದಿಂದ ಕ್ಷಾರೀಯ ಪ್ರೋಟಿಯೇಸ್ ತೆಗೆದು ಅದು ಮಾರುಕಟ್ಟೆಯ ಡಿಟರ್ಜೆಂಟ್‌ಗಳ ಜೊತೆ ಹೊಂದುತ್ತದೆಯೇ ಎಂದು 1993ರಲ್ಲೇ ಪ್ರಬಂಧ ಪ್ರಕಟಿಸಿದೆ. ಇಂಥ ಒಂದೇ ಪ್ರಬಂಧ ಸಾಕು, 'ಹೊಸದು' ಎಂಬ ವಾದ ಬಿದ್ದುಹೋಗುತ್ತದೆ.

ಅರಿಶಿನದ ಹಳೆಯ ಜಗಳ

ಹೀಗೆ ಹಳೆಯ ಪ್ರಬಂಧವೊಂದು ಪೇಟೆಂಟ್ ಉರುಳಿಸಿದ್ದಕ್ಕೆ ಅರಿಶಿನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಗಾಯಕ್ಕೆ ಅರಿಶಿನ ಹಚ್ಚುವ ವಿಧಾನಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರ ಮಾರ್ಚ್‌ನಲ್ಲಿ 5401504 ಸಂಖ್ಯೆಯ ಪೇಟೆಂಟ್ ಪಡೆದಿತ್ತು. ಭಾರತದ ಸಿಎಸ್‌ಐಆರ್ 1996ರಲ್ಲಿ ಮರುಪರಿಶೀಲನೆ ಕೇಳಿತು. ಆಗ ಅದರ ಮಹಾನಿರ್ದೇಶಕರಾಗಿದ್ದವರು ಆರ್.ಎ. ಮಾಶೇಲ್ಕರ್. ಅದಕ್ಕೂ ಮೊದಲು ಅವರು ಪುಣೆಯ ಎನ್‌ಸಿಎಲ್ ಮುಖ್ಯಸ್ಥರು. 'ಅಜ್ಜಿಗೆ ಗೊತ್ತಿತ್ತು' ಎಂದರೆ ಅಮೆರಿಕ ಒಪ್ಪುತ್ತಿರಲಿಲ್ಲ, ಬರಹದ ಸಾಕ್ಷಿ ಬೇಕಿತ್ತು. ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳ ಜೊತೆಗೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದಿದ್ದ ಪ್ರಬಂಧವೂ ಸಾಕ್ಷಿಯಾಯಿತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಅದೇ ಅಸ್ತ್ರ ನಮ್ಮ ಮೇಲೂ ಬರುತ್ತದೆ ಎಂಬುದನ್ನು ಮರೆಯಬಾರದು. ಅಂಟುವಾಳ, ಸೀಗೆಕಾಯಿ ಹಾಕಿದ 'ನೈಸರ್ಗಿಕ' ಲಿಕ್ವಿಡ್‌ಗೆ ಅರ್ಜಿ ಹಾಕಿದರೆ ಸೆಕ್ಷನ್ 3(ಪಿ) ಎದುರಾಗುತ್ತದೆ. ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಜನಪ್ರಿಯವಾಗಿರುವ 'ಬಯೋಎಂಜೈಮ್' ಕಥೆಯೂ ಇಷ್ಟೇ. ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ ಅಥವಾ ನಿಂಬೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಹುಳಿ ಬರಿಸುವುದು. ಈ ಪಾಕ ಊರಿಗೆಲ್ಲ ಗೊತ್ತು. ಹುಳಿಯಾದ ದ್ರವ ಅದು. ಕ್ಷಾರದಲ್ಲಿ ಕೆಲಸ ಮಾಡುವ ಡಿಟರ್ಜೆಂಟ್ ಪ್ರೋಟಿಯೇಸ್‌ಗೂ ಇದಕ್ಕೂ ಹೆಸರಿನಲ್ಲಷ್ಟೇ ಸಾಮ್ಯ. ನೆಲ ಒರೆಸಲು ಚೆನ್ನಾಗಿದೆ, ಪೇಟೆಂಟ್ ಕಚೇರಿಗೆ ಒಯ್ಯುವುದು ಬೇಡ.

ಬೆಂಗಳೂರಿನ ಬಯೋಕಾನ್ ಹಾದಿ

ಕಿಣ್ವದ ವ್ಯಾಪಾರದಲ್ಲಿ ಕರ್ನಾಟಕದ ಹೆಸರು ಚಿಕ್ಕದಲ್ಲ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರು ಮಾಡಿದ್ದು ಕಿಣ್ವದ ಕಂಪನಿಯಾಗಿ, ಐರ್ಲೆಂಡ್‌ನ ಕಂಪನಿಯೊಂದರ ಜೊತೆಗೂಡಿ. ಪಪ್ಪಾಯಿಯಿಂದ ತೆಗೆಯುವ ಪಪೇನ್ ಅದರ ಮೊದಲ ಸರಕುಗಳಲ್ಲೊಂದು. ಬಯೋಕಾನ್‌ಗೆ ಹೆಸರು ತಂದ ಪೇಟೆಂಟ್ ಒಂದು ನಿರ್ದಿಷ್ಟ ಕಿಣ್ವದ್ದಲ್ಲ. ಒದ್ದೆ ಘನ ಪದಾರ್ಥದ ಮೇಲೆ ಸೂಕ್ಷ್ಮಜೀವಿ ಬೆಳೆಸುವ 'ಪ್ಲಾಫ್ರ್ಯಾಕ್ಟರ್' ಎಂಬ ಸಾಧನದ್ದು. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 2007ರಲ್ಲಿ ಬಯೋಕಾನ್ ತನ್ನ ಕಿಣ್ವ ವಿಭಾಗವನ್ನು ನೊವೊಜೈಮ್ಸ್‌ಗೆ 11.5 ಕೋಟಿ ಡಾಲರ್‌ಗೆ ಮಾರಿತು. ನೊವೊಜೈಮ್ಸ್ 2024ರಲ್ಲಿ ಇನ್ನೊಂದು ಡ್ಯಾನಿಶ್ ಕಂಪನಿ ಕ್ರಿಸ್ಟಿಯನ್ ಹ್ಯಾನ್ಸೆನ್ ಜೊತೆ ವಿಲೀನವಾಗಿ ಈಗ 'ನೊವೊನೆಸಿಸ್'.

ಸಣ್ಣ ತಯಾರಕರು ಸಾಮಾನ್ಯವಾಗಿ ಕಿಣ್ವವನ್ನು ಇಂಥ ದೊಡ್ಡ ಕಂಪನಿಗಳ ವಿತರಕರಿಂದಲೇ ಕೊಳ್ಳುತ್ತಾರೆ. ಕೊಂಡ ಕಿಣ್ವ ಬಳಸುವುದು ತಪ್ಪಲ್ಲ. ಆದರೆ ಆ ಕಿಣ್ವವನ್ನು ಇಂತಿಂಥ ಪದಾರ್ಥದ ಜೊತೆ ಸೇರಿಸುವ ಸಂಯೋಜನೆಯ ಮೇಲೆ ಬೇರೊಬ್ಬರ ಪೇಟೆಂಟ್ ಭಾರತದಲ್ಲಿ ಜೀವಂತವಾಗಿರಬಹುದು. ತನಗೆ ಪೇಟೆಂಟ್ ಸಿಗದಿರುವುದು ಒಂದು ನಷ್ಟ, ಬೇರೆಯವರ ಪೇಟೆಂಟ್ ತುಳಿಯುವುದು ಅದಕ್ಕಿಂತ ದುಬಾರಿ. ಪೇಟೆಂಟ್ ಕಚೇರಿಯ 'ಇನ್‌ಪಾಸ್' ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಕಿಣ್ವವಿರುವ ಡಿಟರ್ಜೆಂಟ್‌ಗಳ ಅಂತರರಾಷ್ಟ್ರೀಯ ವರ್ಗ ಸಂಖ್ಯೆ ಸಿ11ಡಿ 3/386.

ಬೇಲಿ ದೊಡ್ಡದಾಗಿ ಹಾಕಿದರೂ ಅಪಾಯ. ನೊವೊಜೈಮ್ಸ್‌ಗೇ ಅದರ ಬಿಸಿ ತಟ್ಟಿದೆ. ಆಲ್ಫಾ ಅಮೈಲೇಸ್‌ನ ರೂಪಾಂತರವೊಂದರ ಪೇಟೆಂಟ್ ಉಲ್ಲಂಘನೆಗಾಗಿ ಅಮೆರಿಕದ ಜ್ಯೂರಿ ಅದಕ್ಕೆ ಸುಮಾರು 1.8 ಕೋಟಿ ಡಾಲರ್ ಪರಿಹಾರ ಕೊಡಿಸಿತ್ತು. ಆದರೆ 2013ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಕ್ಲೇಮ್ ಮಾಡಿದ ಕಿಣ್ವವನ್ನು ಮೂಲ ಅರ್ಜಿಯಲ್ಲಿ ಸರಿಯಾಗಿ ವಿವರಿಸಿಲ್ಲ ಎಂದು ಆ ಪೇಟೆಂಟನ್ನೇ ಅಸಿಂಧುಗೊಳಿಸಿತು.

ಮಾರುವ ಮೊದಲೇ ಅರ್ಜಿ

ಈಗ ಆರಂಭದಲ್ಲಿ ಹೇಳಿದ ವಿಷಯಕ್ಕೆ. ಜಾತ್ರೆಯಲ್ಲಿ ಸ್ಟಾಲ್ ಹಾಕಿ ಲಿಕ್ವಿಡ್ ಮಾರಿ, ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕಿ, ವರ್ಷದ ನಂತರ ಪೇಟೆಂಟ್ ವಕೀಲರ ಬಳಿ ಹೋದರೆ ಅವರು ಮೊದಲು ಕೇಳುವುದೇ 'ಯಾವಾಗಿನಿಂದ ಮಾರುತ್ತಿದ್ದೀರಿ?' ಎಂದು. ಅರ್ಜಿಗೆ ಮುಂಚೆ ಬಹಿರಂಗವಾದದ್ದು ಹೊಸದಲ್ಲ. ಕೇಂದ್ರ ಸರ್ಕಾರ ಅಧಿಸೂಚಿಸಿದ ವಸ್ತುಪ್ರದರ್ಶನ, ವಿದ್ವತ್ ಸಂಘದಲ್ಲಿ ಓದಿದ ಪ್ರಬಂಧದಂಥ ಕೆಲವು ಸಂದರ್ಭಗಳಿಗೆ ಮಾತ್ರ 12 ತಿಂಗಳ ರಿಯಾಯಿತಿ ಇದೆ. ಊರ ಜಾತ್ರೆ ಆ ಪಟ್ಟಿಯಲ್ಲಿಲ್ಲ. ಪರಿಚಿತರಿಗೆ ಬಳಸಿ ನೋಡಲು ಕೊಡುವುದಿದ್ದರೂ ಗೋಪ್ಯತೆಯ ಪತ್ರ ಬರೆಸಿಕೊಳ್ಳುವುದು ಕ್ಷೇಮ.

ಪ್ರಯೋಗ ಇನ್ನೂ ನಡೆಯುತ್ತಿದ್ದರೆ ತಾತ್ಕಾಲಿಕ ವಿವರಣೆಯ ಅರ್ಜಿ ಹಾಕಿ ದಿನಾಂಕ ಹಿಡಿದುಕೊಳ್ಳಬಹುದು. 12 ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು, ಸಣ್ಣ ಉದ್ದಿಮೆಗಳು ಮತ್ತು ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್ ಅರ್ಜಿಯ ಮೂಲ ಶುಲ್ಕ 1,600 ರೂ., ದೊಡ್ಡ ಕಂಪನಿಗಳಿಗೆ 8,000 ರೂ. ಪರೀಕ್ಷೆ ಮಾಡಿ ಎಂದು ಬೇರೆ ಅರ್ಜಿ ಕೊಡಬೇಕು. ಅದಕ್ಕೆ ಕ್ರಮವಾಗಿ 4,000 ಮತ್ತು 20,000 ರೂ. 2024ರ ನಿಯಮಗಳ ಪ್ರಕಾರ ಇದಕ್ಕೆ 31 ತಿಂಗಳ ಗಡುವು, ಮೊದಲು 48 ತಿಂಗಳಿತ್ತು. ಸ್ಟಾರ್ಟ್‌ಅಪ್‌ಗಳು ಮತ್ತು ಮಹಿಳಾ ಅರ್ಜಿದಾರರು ತ್ವರಿತ ಪರೀಕ್ಷೆ ಕೋರಬಹುದು. ಲಿಕ್ವಿಡ್ ತಯಾರಿಕೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿರುವುದರಿಂದ ಈ ಮಾತನ್ನು ವಿಶೇಷವಾಗಿ ಹೇಳಬೇಕು. ವಕೀಲರ ಶುಲ್ಕ, ಪ್ರಯೋಗಾಲಯದ ಖರ್ಚು ಬೇರೆ. ಇಡೀ ಪ್ರಕ್ರಿಯೆಯಲ್ಲಿ ಜೇಬಿಗೆ ಭಾರವಾಗುವುದು ಅವೇ, ಸರ್ಕಾರಿ ಶುಲ್ಕವಲ್ಲ.

ಜೇಜುರಿಯವರ ಅರ್ಜಿ ಮುಂಬೈ ಪೇಟೆಂಟ್ ಕಚೇರಿಗೆ, ಕರ್ನಾಟಕದವರದು ಚೆನ್ನೈಗೆ. ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿ ಪ್ರಕಟವಾಗುತ್ತದೆ. ಅಲ್ಲಿಂದ ಮಂಜೂರಾಗುವವರೆಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಮಂಜೂರಾದ ಮೇಲೂ ಒಂದು ವರ್ಷ ಆಸಕ್ತರಿಗೆ ಅವಕಾಶವಿದೆ. ಡಿಟರ್ಜೆಂಟ್ ಕಂಪನಿಗಳು ಒಂದರ ಅರ್ಜಿಯ ಮೇಲೆ ಇನ್ನೊಂದು ಕಣ್ಣಿಟ್ಟಿರುತ್ತವೆ.

ಇದೆಲ್ಲ ಬೇಡ, ಪಾಕ ಗುಟ್ಟಾಗಿಟ್ಟರೆ ಸಾಕು ಎನ್ನುವವರೂ ಇದ್ದಾರೆ. ಅದು ಕೆಟ್ಟ ಆಯ್ಕೆಯೇನಲ್ಲ. ಬೆರೆಸುವ ಕ್ರಮ, ತಾಪಮಾನದಂಥ ಸಂಗತಿಗಳು ಬಾಟಲಿ ನೋಡಿದವರಿಗೆ ತಿಳಿಯುವುದಿಲ್ಲ. ಆದರೆ ಭಾರತದಲ್ಲಿ ವ್ಯಾಪಾರದ ಗುಟ್ಟಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ, ಕೆಲಸಗಾರರೊಂದಿಗೆ ಮಾಡಿಕೊಂಡ ಒಪ್ಪಂದವೇ ಆಸರೆ. ಬಾಟಲಿಯಲ್ಲಿ ಯಾವ ಪದಾರ್ಥ ಎಷ್ಟಿದೆ ಎಂಬುದನ್ನಂತೂ ಪ್ರಯೋಗಾಲಯದವರು ಬಹುಪಾಲು ಕಂಡುಹಿಡಿಯಬಲ್ಲರು.

ಪೇಟೆಂಟ್ ಸಿಕ್ಕರೆ ಅದರ ಆಯಸ್ಸು ಅರ್ಜಿಯ ದಿನದಿಂದ 20 ವರ್ಷ. ಮೂರನೇ ವರ್ಷದಿಂದ ಪ್ರತಿ ವರ್ಷ ನವೀಕರಣ ಶುಲ್ಕ ಕಟ್ಟಬೇಕು, ತಪ್ಪಿದರೆ ಹಕ್ಕು ಕಳೆದುಹೋಗುತ್ತದೆ. ಮತ್ತೆ ಜೀವ ಕೊಡಿಸಲು 18 ತಿಂಗಳ ಕಾಲಾವಕಾಶವಿದೆ. ಪೇಟೆಂಟ್ ಪಡೆದ ಲಿಕ್ವಿಡ್ ಅನ್ನು ದೇಶದಲ್ಲಿ ನಿಜಕ್ಕೂ ತಯಾರಿಸಿ ಮಾರುತ್ತಿದ್ದೀರಾ ಎಂಬ ವಿವರವನ್ನು ಫಾರ್ಮ್ 27ರಲ್ಲಿ ಮೂರು ಆರ್ಥಿಕ ವರ್ಷಕ್ಕೊಮ್ಮೆ ಕಚೇರಿಗೆ ಸಲ್ಲಿಸಬೇಕು.